ಮಹಡಿ ಬಸ್ಸು

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಜನಕ್ಕೆ ಮಹಡಿ ಬಸ್ಸು ಹೊಸದೇನಲ್ಲವೆಂದರೆ ಪಟ್ಟಣವಾಸಿಗಳು ನಗಬಹುದು. ಡಬಲ್ ಡೆಕರ್ ಎಂಬುದು ಮುಂಬಯಿಯಲ್ಲಿ ಓಡಿತು, ಹೈದರಾಬಾದಿನಲ್ಲಿ ಓಡಿತು, ನಮ್ಮ ಬೆಂಗಳೂರಿನಲ್ಲಿಯೂ ಕೆಲವು ಕಾಲ ಓಡಿತು. ಹುಣಿಸೆಮರಗಳ ನಡುವೆ ಹಾದುಹೋಗುವ ಮಧುಗಿರಿಯ ದಾರಿಗೆ ಅದು ಬಂದದ್ದು ಯಾವಾಗ? ಬಂದದ್ದಿಲ್ಲ, ನಿಜ. ಆದರೆ ಸಂತೆಯ ದಿನ ಈ ಕಡೆಯ ಖಾಸಗಿ ಬಸ್ಸನ್ನು ಕಂಡವರು ನನ್ನ ಮಾತನ್ನು ಒಪ್ಪುತ್ತಾರೆ. ಒಳಗೆ ಕಾಲಿಡಲು ಎಡೆಯಿಲ್ಲದಂತೆ ತುಂಬಿದ ಮೇಲೆ, ಉಳಿದವರು ಹಿಂಬದಿಯ ಕಬ್ಬಿಣದ ಏಣಿ ಹಿಡಿದು ಮೇಲೇರುತ್ತಿದ್ದರು. ಕಡಲೆಕಾಯಿ ಮೂಟೆ, ಕೋಳಿಬುಟ್ಟಿ, ಸೈಕಲ್ಲು, ಹೊಸದಾಗಿ ಕೊಂಡ ಗಡಿಗೆ, ಇವುಗಳ ನಡುನಡುವೆ ಜನ ಕುಳಿತರೆ ಬಸ್ಸಿನ ಮೇಲೆ ಇನ್ನೊಂದು ಬಸ್ಸೇ ಎದ್ದಂತೆ ಕಾಣುತ್ತಿತ್ತು. ಅದಕ್ಕೆ ‘ಟಾಪು’ ಎಂದು ಹೆಸರು. “ಹುಡುಗ್ರೆಲ್ಲಾ ಟಾಪಿಗೆ ಹತ್ರಪ್ಪಾ, ಒಳಗೆ ಹೆಂಗಸರು ಮಕ್ಕಳಿಗೆ ಜಾಗ ಬಿಡಿ” ಎಂದು ಕಂಡಕ್ಟರು ಕೂಗಿದರೆ ನಮ್ಮಂಥವರಿಗೆ ಅದು ಆಜ್ಞೆಯಲ್ಲ, ವರ.

ಹೀಗೆ ಟಾಪಿನ ಮೇಲೆ ಬೆಳೆದ ನಾನು ಮೊದಲ ಸಲ ಸೋದರಮಾವನ ಜತೆ ಬೆಂಗಳೂರಿಗೆ ಹೋದಾಗ, ಎರಡಂತಸ್ತಿನ ಬಸ್ಸೊಂದು ಎದುರಿಗೇ ಬಂದು ನಿಂತಿತು. ಮೇಲಿನ ಕಿಟಕಿಗಳಲ್ಲಿ ಜನ ಪೇಪರು ಓದುತ್ತ ಕುಳಿತಿದ್ದರು. ನಾನು ಬಸ್ಸಿನ ಹಿಂಭಾಗವನ್ನೆಲ್ಲ ಹುಡುಕಿ, “ಮಾವ, ಇದರ ಏಣಿ ಎಲ್ಲಿ?” ಎಂದೆ. “ಒಳಗೇ ಐತೆ ಕಣೋ, ನಡಿ” ಎಂದರು ಮಾವ. ಮೇಲೆ ಹತ್ತಿ ಮುಂದಿನ ಸೀಟಿನಲ್ಲಿ ಕುಳಿತೆವು. ಮರದ ಕೊಂಬೆ ಎದುರಿಗೆ ಬಂದಾಗಲೆಲ್ಲ ನಾನು ಅಭ್ಯಾಸಬಲದಿಂದ ತಲೆ ತಗ್ಗಿಸುತ್ತಿದ್ದೆ, ಪಕ್ಕದಲ್ಲಿದ್ದವರು ನಗುತ್ತಿದ್ದರು. ಊರಿನ ಬಸ್ಸಿನ ಟಾಪಿನಲ್ಲಿ ಒಮ್ಮೆ ಹಾಗೆ ತಗ್ಗಿಸಲು ಮರೆತು ಹುಣಿಸೆಕೊಂಬೆಯಿಂದ ಪೆಟ್ಟು ತಿಂದ ಗುರುತು ಹಣೆಯ ಮೇಲೆ ಆಗಲೂ ಇತ್ತು, ಈಗಲೂ ಇದೆ. ಮೇಲೆ ಕುಳಿತೂ ತಲೆ ತಗ್ಗಿಸದೆ ಪಯಣಿಸಬಹುದೆಂಬುದು ಅಂದು ನನಗೆ ದೊಡ್ಡ ಸಂಗತಿಯಾಗಿತ್ತು. ಬಹು ವರ್ಷಗಳ ತರುವಾಯ ಈ ವಾಹನದ ಚರಿತ್ರೆಯನ್ನು ಓದುವಾಗ ತಿಳಿಯಿತು, ಟಾಪಿಗೂ ಮಹಡಿಗೂ ಇರುವ ನಂಟು ನನ್ನ ಕಲ್ಪನೆಯಲ್ಲವೆಂದು. ಲಂಡನ್ನಿನ ಮಹಡಿ ಬಸ್ಸು ಹುಟ್ಟಿದ್ದೂ ಟಾಪಿನಿಂದಲೇ.

‘ಬಸ್’ ಎಂಬುದು ಅರ್ಧ ಪದವೂ ಅಲ್ಲ, ಬರಿಯ ಬಾಲ. ಲ್ಯಾಟಿನ್ನಿನಲ್ಲಿ ‘ಒಮ್ನಿಬಸ್’ ಎಂದರೆ ‘ಎಲ್ಲರಿಗೂ’. ಫ್ರಾನ್ಸಿನ ನಾಂಟ್ ಪಟ್ಟಣದಲ್ಲಿ 1826ರಲ್ಲಿ ಓಡಲಾರಂಭಿಸಿದ ಸಾರ್ವಜನಿಕ ಗಾಡಿಗಳಿಗೆ ಆ ಹೆಸರು ಬಂತು. ತಲೆ ಹೋಗಿ ಬಾಲವಷ್ಟೆ ಉಳಿದುಕೊಂಡಿತು. ನಮ್ಮ ಮಾತಿನಲ್ಲಿ ಹೇಳುವುದಾದರೆ ‘ಎಲ್ಲರಿಗೂ’ ಎಂಬುದರಲ್ಲಿ ‘ಗೂ’ ಮಾತ್ರ ಉಳಿದ ಹಾಗೆ. ಜಾರ್ಜ್ ಶಿಲಿಬಿಯರ್ ಎಂಬಾತ ಅದನ್ನು 1829ರ ಜುಲೈ 4ರಂದು ಲಂಡನ್ನಿಗೆ ತಂದ. ಮೂರು ಕುದುರೆ, ಇಪ್ಪತ್ತೆರಡು ಜನ, ಎಲ್ಲರೂ ಒಳಗೆ. ಆದರೆ ‘ಎಲ್ಲರಿಗೂ’ ಎಂದು ಹೆಸರಿಟ್ಟ ಮೇಲೆ ಇಪ್ಪತ್ತೆರಡಕ್ಕೆ ಯಾರು ನಿಲ್ಲುತ್ತಾರೆ? ಗಂಡಸರು ಮೇಲೆ ಹತ್ತಲು ತೊಡಗಿದರು. 1851ರಲ್ಲಿ ಲಂಡನ್ನಿನಲ್ಲಿ ಜಗತ್ತಿನ ಮಹಾಪ್ರದರ್ಶನ ನಡೆದಾಗ ಊರಿಗೆ ಜನಸಾಗರವೇ ಬಂದಿತು; ಗಾಡಿಯ ಮಾಲೀಕರಿಗೆ ಈ ಮೇಲಿನ ಜನರನ್ನು ಇಳಿಸುವುದಕ್ಕಿಂತ ಅವರಿಂದ ಕಾಸು ಪಡೆಯುವುದೇ ಲೇಸೆಂದು ಕಂಡಿತು. ಮಾಡಿನ ನಡುವೆ ಉದ್ದಕ್ಕೂ ಒಂದು ಹಲಗೆ ಜಡಿದರು. ಜನ ಬೆನ್ನಿಗೆ ಬೆನ್ನು ಕೊಟ್ಟು, ಬೀದಿಯ ಎರಡು ಬದಿಗೆ ಮುಖ ಮಾಡಿ ಕುಳಿತರು. ಅಡಿಗೆಮನೆಯಲ್ಲಿ ಚಾಕು ತಿಕ್ಕುವ ಹಲಗೆಯಂತೆ ಕಾಣುತ್ತಿದ್ದುದರಿಂದ ಅದಕ್ಕೆ ‘ನೈಫ್ ಬೋರ್ಡ್’ ಎಂಬ ಅಡ್ಡಹೆಸರು ಬಿತ್ತು.

ಏಣಿ ಕಡಿದಾಗಿದ್ದುದರಿಂದ ಹೆಂಗಸರು ಮೇಲೆ ಹತ್ತುತ್ತಿರಲಿಲ್ಲ. 1880ರ ದಶಕದಲ್ಲಿ ಸರಿಯಾದ ಸುತ್ತುಮೆಟ್ಟಿಲು ಬಂತು, ಮುಂದಕ್ಕೆ ಮುಖ ಮಾಡಿದ ಎರಡೆರಡು ಜನರ ಆಸನಗಳು ಬಂದವು. ಮೇಲೆ ಕುಳಿತ ಹೆಂಗಸರ ಕಾಲು ಬೀದಿಯವರಿಗೆ ಕಾಣಬಾರದೆಂದು ಕಟಕಟೆಗೆ ಹಲಗೆ ಹೊದಿಸಿದರು. ಮಾನ ಮುಚ್ಚಲು ಬಂದ ಆ ಹಲಗೆಯ ಮೇಲೆ ಸಾಬೂನಿನವನೂ ಚಹದವನೂ ಕೂಡಲೇ ಜಾಹೀರಾತು ಬರೆಸಿದರು. ಬಸ್ಸಿನ ಪಕ್ಕೆಯ ಮೇಲೆ ಇಂದೂ ಕಾಣುವ ಜಾಹೀರಾತಿನ ವಂಶಮೂಲಗಳಲ್ಲಿ ಇದೂ ಒಂದು.

ಟಾಪಿನ ಮೇಲೆ ಜನ ಕುಳಿತದ್ದು ಅಲ್ಲಿಯೂ ಇಲ್ಲಿಯೂ ಒಂದೇ. ಅಲ್ಲಿ ಅದಕ್ಕೆ ಮೆಟ್ಟಿಲು ಬಂತು, ಆಸನ ಬಂತು, ಕಟಕಟೆ ಬಂತು, ಕೊನೆಗೆ ಚಾವಣಿ ಬಂತು. ನಮ್ಮಲ್ಲಿ ಏನು ಬಂತೆಂಬುದನ್ನು ಮುಂದೆ ಹೇಳುತ್ತೇನೆ.

ಕುದುರೆಯ ಬಸ್ಸು ದುಬಾರಿ ಬಾಬತ್ತು. ಒಂದು ಗಾಡಿ ದಿನವೆಲ್ಲ ಓಡಬೇಕಾದರೆ ಹತ್ತು ಹನ್ನೆರಡು ಕುದುರೆಗಳು ಸರದಿಯ ಮೇಲೆ ಬೇಕಾಗುತ್ತಿದ್ದವು. 1910ರಲ್ಲಿ ಲಂಡನ್ ಜನರಲ್ ಕಂಪೆನಿಯವರು ‘ಬಿ’ ಮಾದರಿಯ ಮೋಟಾರು ಬಸ್ಸನ್ನು ಹೊರತಂದರು. ಒಳಗೆ ಹದಿನಾರು, ಮೇಲೆ ಹದಿನೆಂಟು, ಒಟ್ಟು ಮೂವತ್ತನಾಲ್ಕು ಆಸನ. ಗಂಟೆಗೆ ಹನ್ನೆರಡು ಮೈಲಿಗಿಂತ ಜೋರಾಗಿ ಓಡಕೂಡದೆಂದು ಕಾನೂನು. ಮೇಲಿನವರಿಗೆ ಮಳೆಯಿಂದ ರಕ್ಷಣೆಯೇನೂ ಇರಲಿಲ್ಲ. ಸೀಟಿಗೆ ಕಟ್ಟಿದ ಒಂದು ಮೇಣಬಟ್ಟೆಯನ್ನು ತೊಡೆಯ ಮೇಲೆ ಎಳೆದುಕೊಳ್ಳಬೇಕು, ಅಷ್ಟೆ. ಮರುವರ್ಷ, 1911ರ ಅಕ್ಟೋಬರಿನಲ್ಲಿ, ಆ ಕಂಪೆನಿಯ ಕೊನೆಯ ಕುದುರೆ ಬಸ್ಸು ಲಾಯ ಸೇರಿತು.

ಈ ಬಿ ಮಾದರಿಯ ಬಸ್ಸುಗಳಲ್ಲಿ ಒಂದರ ಜೀವನಚರಿತ್ರೆಯನ್ನು ಬಿಡಿಸಿ ಹೇಳುವುದು ಯೋಗ್ಯ. ಅದರ ಸಂಖ್ಯೆ ಬಿ 43. 1911ರಲ್ಲಿ ತಯಾರಾಗಿ ಲಂಡನ್ನಿನ ಬೀದಿಯಲ್ಲಿ ಸಾಧಾರಣವಾಗಿ ದುಡಿಯುತ್ತಿತ್ತು. 1914ರಲ್ಲಿ ಮಹಾಯುದ್ಧ ಹತ್ತಿತು. ಸೈನಿಕರನ್ನು ರೈಲುನಿಲ್ದಾಣದಿಂದ ರಣರಂಗಕ್ಕೆ ಸಾಗಿಸಲು ಸೇನೆಯ ಬಳಿ ವಾಹನಗಳಿರಲಿಲ್ಲ. ಸುಮಾರು ಒಂಬೈನೂರು ಬಿ ಬಸ್ಸುಗಳು ಕಡಲು ದಾಟಿ ಫ್ರಾನ್ಸ್ ಬೆಲ್ಜಿಯಂಗಳಿಗೆ ಹೋದವು. ಬಿ 43 ಅವುಗಳಲ್ಲೊಂದು. ಗಾಜು ತೆಗೆದು ಕಿಟಕಿಗೆ ಹಲಗೆ ಬಡಿದರು, ಮೈಗೆ ಖಾಕಿ ಬಣ್ಣ ಬಳಿದರು. ಪೂರ್ಣ ಸಾಮಗ್ರಿ ಹೊತ್ತ ಇಪ್ಪತ್ತನಾಲ್ಕು ಸೈನಿಕರು ಒಂದು ಬಸ್ಸಿಗೆ. ಕೆಲವು ಬಸ್ಸುಗಳು ಗಾಯಾಳುಗಳ ಬಂಡಿಗಳಾದವು. ಮತ್ತೆ ಕೆಲವು, ಸುದ್ದಿ ಒಯ್ಯುವ ಪಾರಿವಾಳಗಳ ಗೂಡಾದವು. ಮೈಸೂರಿನ ಲ್ಯಾನ್ಸರುಗಳು 1918ರಲ್ಲಿ ಹೈಫಾದಲ್ಲಿ ಕುದುರೆಯ ಮೇಲೆ ನುಗ್ಗಿ ಹೆಸರು ಪಡೆದದ್ದೂ ಇದೇ ಯುದ್ಧದಲ್ಲಿ. ಅತ್ತ ಊರಿನ ಬಸ್ಸು ಯುದ್ಧಕ್ಕೆ ಹೋಯಿತು, ಇತ್ತ ಯುದ್ಧದ ಕುದುರೆ ತನ್ನ ಕೊನೆಯ ದೊಡ್ಡ ಓಟ ಓಡಿತು.

ಬಿ 43 ಉಳಿದು ಬಂತು. 1920ರಲ್ಲಿ ಬಕಿಂಗ್‌ಹ್ಯಾಂ ಅರಮನೆಯ ಅಂಗಳಕ್ಕೆ ಅದನ್ನು ಕರೆತಂದಾಗ ಐದನೆಯ ಜಾರ್ಜ್ ದೊರೆ ಅದನ್ನು ಹತ್ತಿದ. ಇಂಗ್ಲೆಂಡಿನ ದೊರೆಯೊಬ್ಬ ಬಸ್ಸು ಹತ್ತಿದ್ದು ಅದೇ ಮೊದಲೆಂದು ಹೇಳುತ್ತಾರೆ. ಯುದ್ಧಕ್ಕೆ ಹೋಗಿದ್ದ ಬಸ್ಸು ನೌಕರರು ಅದನ್ನು ತಮ್ಮದಾಗಿಸಿಕೊಂಡು, ಯುದ್ಧಕಾಲದ ವ್ಯಂಗ್ಯಚಿತ್ರಗಳಲ್ಲಿ ಬರುತ್ತಿದ್ದ ಮೀಸೆಯ ಸಿಪಾಯಿಯ ಹೆಸರಿನಿಂದ ‘ಓಲ್ ಬಿಲ್’ ಎಂದು ಕರೆದು, ವರ್ಷವರ್ಷವೂ ಹುತಾತ್ಮರ ಸ್ಮರಣೆಯ ಮೆರವಣಿಗೆಗೆ ಹೊರಡಿಸಿದರು. 1970ರಲ್ಲಿ ಅದು ಲಂಡನ್ನಿನ ಯುದ್ಧ ಸಂಗ್ರಹಾಲಯವನ್ನು ಸೇರಿತು. ಬೀದಿಯಲ್ಲಿ ದುಡಿದದ್ದು ಕೆಲವೇ ವರ್ಷ. ಉಳಿದುಕೊಂಡದ್ದು ನೂರು ದಾಟಿದೆ. ಹಾಗೆ ಉಳಿದದ್ದು ರಾಜಾಜ್ಞೆಯಿಂದಲ್ಲ, ಅದನ್ನು ಓಡಿಸಿದ ಡ್ರೈವರು ಕಂಡಕ್ಟರುಗಳ ಅಭಿಮಾನದಿಂದ. ಇದೇ ಜಾತಿಯ ಮತ್ತೊಂದು ಬಸ್ಸು, ಬಿ 2737, ಯುದ್ಧದ ಶತಮಾನದ ಸ್ಮರಣೆಗಾಗಿ 2014ರಲ್ಲಿ ದುರಸ್ತಾಗಿ, ಹಳೆಯ ರಣರಂಗಗಳಿಗೆ ತನ್ನ ಚಕ್ರದ ಮೇಲೆಯೇ ಹೋಗಿ ಬಂತು.

ಮಹಡಿಗೆ ಚಾವಣಿ ಹಾಕುವುದಕ್ಕೆ ಲಂಡನ್ನಿನ ಪೊಲೀಸರು ಬಹುಕಾಲ ಒಪ್ಪಲಿಲ್ಲ. ಮೇಲೆ ಭಾರ ಹೆಚ್ಚಿದರೆ ಗಾಡಿ ಮಗುಚುವುದೆಂಬ ಭಯ. ಚೌಕಟ್ಟನ್ನು ನೆಲಕ್ಕೆ ತಗ್ಗಿಸಿ ಕಟ್ಟಿದ ‘ಎನ್. ಎಸ್.’ ಮಾದರಿ ಬಂದ ಮೇಲೆ, 1925ರಲ್ಲಿ, ಅನುಮತಿ ದೊರೆಯಿತು. 1927ರಲ್ಲಿ ಲೇಲ್ಯಾಂಡ್ ಕಂಪೆನಿಯ ರಾಕ್‌ಹ್ಯಾಂ ಎಂಬ ಎಂಜಿನಿಯರು ‘ಟೈಟನ್’ ಎಂಬ ಮಹಡಿ ಬಸ್ಸನ್ನು ರಚಿಸಿದ. ಹಳೆಯ ರೈಲುಸೇತುವೆಗಳ ಅಡಿಯಲ್ಲಿ ತೂರಿಹೋಗುವಂತೆ ಅದರ ಎತ್ತರವನ್ನು ತಗ್ಗಿಸಬೇಕಾಗಿತ್ತು. ಆತ ಮೇಲಂತಸ್ತಿನಲ್ಲಿ ಓಡಾಡುವ ದಾರಿಯನ್ನು ಒಂದು ಪಕ್ಕಕ್ಕೆ ಸರಿಸಿ ಕಾಲುವೆಯಂತೆ ಕೆಳಕ್ಕೆ ಇಳಿಸಿದ. ಮೇಲಿನವರು ನೆಟ್ಟಗೆ ನಡೆಯಬಹುದು; ಆ ಕಾಲುವೆಯ ಕೆಳಗೆ ಕುಳಿತವರು ಮಾತ್ರ ಏಳುವಾಗ ತಲೆ ಬಡಿಸಿಕೊಳ್ಳುತ್ತಿದ್ದರು. ಮಹಡಿ ಬಸ್ಸಿನಲ್ಲಿ ಯಾರಾದರೊಬ್ಬರು ತಲೆ ತಗ್ಗಿಸಲೇಬೇಕೆಂದು ಕಾಣುತ್ತದೆ!

ಮಗುಚುವ ಭಯಕ್ಕೆ ಲಂಡನ್ನಿನವರು ಕಂಡುಕೊಂಡ ಉತ್ತರ ಕೇಳತಕ್ಕದ್ದು. ಮೇಲಂತಸ್ತಿನಲ್ಲಿ ಪೂರ್ತಿ ಜನ ಕುಳಿತಷ್ಟು ಭಾರ ಹೇರಿ, ಕೆಳಗೆ ಪ್ರಯಾಣಿಕರ ಜಾಗವನ್ನು ಖಾಲಿ ಬಿಟ್ಟು, ಬಸ್ಸನ್ನು ಒಂದು ತೂಗುಮಣೆಯ ಮೇಲೆ ನಿಲ್ಲಿಸಿ ಪಕ್ಕಕ್ಕೆ ವಾಲಿಸುತ್ತಾರೆ. 28 ಡಿಗ್ರಿಯವರೆಗೆ ವಾಲಿದರೂ ಬೀಳದಿದ್ದರೆ ಮಾತ್ರ ಅದು ಬೀದಿಗೆ ಅರ್ಹ. ಎಂಜಿನ್ನು, ಗೇರುಪೆಟ್ಟಿಗೆ, ಅಚ್ಚು ಎಲ್ಲ ಕೆಳಗಿರುವುದರಿಂದ ಗಾಡಿಯ ತೂಕ ನೆಲಕ್ಕೆ ಅಂಟಿಕೊಂಡಿರುತ್ತದೆ. ಮೇಲಿನ ಅಂತಸ್ತನ್ನು ಆದಷ್ಟು ಹಗುರವಾಗಿ ಕಟ್ಟುತ್ತಾರೆ. ಬುಗುರಿ ಬಿದ್ದರೂ ಬುಡಭಾರದ ಗೊಂಬೆ ಬೀಳದು, ಅಂಥ ಲೆಕ್ಕಾಚಾರ. ಮೂವತ್ತು ಮೂಟೆ ಕಡಲೆಕಾಯಿಯನ್ನೂ ಇಪ್ಪತ್ತು ಜನರನ್ನೂ ಹೊತ್ತು ತಿರುವಿನಲ್ಲಿ ವಾಲುತ್ತಿದ್ದ ನಮ್ಮ ಕಡೆಯ ಬಸ್ಸನ್ನು ಯಾರೂ ತೂಗುಮಣೆಯ ಮೇಲೆ ನಿಲ್ಲಿಸಿ ನೋಡಿದ್ದಿಲ್ಲ.

ಮುಂಬಯಿಯಲ್ಲಿ ಮೋಟಾರು ಬಸ್ಸು ಆರಂಭವಾದದ್ದು 1926ರ ಜುಲೈ 15ರಂದು. ಮಹಡಿ ಬಸ್ಸು ಬಂದದ್ದು 1937ರಲ್ಲಿ. ಹೋಟೆಲಿನಲ್ಲಿ ಹಗಲು ದುಡಿದು ರಾತ್ರಿಶಾಲೆಗೆ ಹೋಗುತ್ತಿದ್ದ ನಮ್ಮ ಕರಾವಳಿಯ ಎಷ್ಟೋ ಹುಡುಗರು ಆ ಊರನ್ನು ಮೊದಲು ಕಂಡದ್ದು ಅದರ ಮೇಲಿನ ಕಿಟಕಿಯಿಂದ. ಬೆಂಗಳೂರಿನಲ್ಲಿ 1940ರಲ್ಲಿ ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪೆನಿ ನಗರದ ಬಸ್ಸುಗಳನ್ನು ನಡೆಸತೊಡಗಿತು. 1956ರಲ್ಲಿ ಅದು ಸರ್ಕಾರದ ಕೈಗೆ ಬಂದು ಬಿ. ಟಿ. ಎಸ್. ಆಯಿತು. 1967ರಲ್ಲಿ ಮದರಾಸಿನ ಅಶೋಕ್ ಲೇಲ್ಯಾಂಡಿನವರು ಅದೇ ‘ಟೈಟನ್’ ಹೆಸರಿನಲ್ಲಿ, ಅರ್ಧದಷ್ಟು ಭಾಗಗಳನ್ನು ಇಲ್ಲಿಯೇ ಮಾಡಿ, ಭಾರತದ ಮಹಡಿ ಬಸ್ಸನ್ನು ತಯಾರಿಸಿದರು. ಬಿ. ಟಿ. ಎಸ್. ಕೂಡ ಮಹಡಿ ಬಸ್ಸುಗಳನ್ನು ಓಡಿಸಿತು. 1990ರ ದಶಕ ಮುಗಿಯುವ ಹೊತ್ತಿಗೆ ಅವು ಮರೆಯಾದವು. ಕಾರಣಗಳನ್ನು ಹುಡುಕಲು ದೂರ ಹೋಗಬೇಕಿಲ್ಲ. ಒಂದು ಗಾಡಿಗೆ ಇಬ್ಬರು ಕಂಡಕ್ಟರು. ಮೇಲಿನವರು ಇಳಿದು ಬರುವತನಕ ನಿಲ್ದಾಣದಲ್ಲಿ ಕಾಯಬೇಕು. ಸಾಲುಮರಗಳ ಕೊಂಬೆ, ಅಡ್ಡ ಎಳೆದ ತಂತಿ, ಬರಬರುತ್ತ ಮೇಲ್ಸೇತುವೆ. ಬೆಂಗಳೂರು ತನ್ನ ಮರಗಳನ್ನು ಉಳಿಸಿಕೊಳ್ಳಲೆಂದು ಮಹಡಿ ಬಸ್ಸನ್ನು ಬಿಟ್ಟಿತೆಂದು ಹೇಳಬಹುದಾಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! ಮರಗಳೂ ಅನೇಕ ಹೋದವು. ಮುಂಬಯಿಯ ಕೊನೆಯ ಹಳೆಯ ಮಹಡಿ ಬಸ್ಸು 2023ರ ಸೆಪ್ಟೆಂಬರ್ 15ರಂದು, ಹೂವಿನ ಹಾರ ಹೊತ್ತು, ಜನರ ಕೈಬೀಸುವಿಕೆಯ ನಡುವೆ ಓಡಿತು. ಅಷ್ಟರಲ್ಲಿ ವಿದ್ಯುತ್ತಿನಿಂದ ಓಡುವ ಹೊಸ ಮಹಡಿ ಬಸ್ಸುಗಳು ಅಲ್ಲಿಗೆ ಬಂದಿದ್ದವು. ಮೈಸೂರಿನಲ್ಲಿ ಪ್ರವಾಸಿಗಳಿಗಾಗಿ ‘ಅಂಬಾರಿ’ ಎಂಬ ತೆರೆದ ಮಹಡಿಯ ಬಸ್ಸು ಬಂದಿದೆ. ಹೆಸರಿಟ್ಟವರು ರಸಿಕರು.

ಇನ್ನು ನಮ್ಮ ನಾಲ್ಕು ತಾಲ್ಲೂಕುಗಳ ಮಾತು. 1880ರ ದಶಕದಲ್ಲಿ ತುಮಕೂರಿಗೆ ಬಂದ ರೈಲು ಅಲ್ಲಿಂದ ಪಶ್ಚಿಮಕ್ಕೆ ತಿರುಗಿ ಗುಬ್ಬಿ, ತಿಪಟೂರು, ಅರಸೀಕೆರೆಯ ಕಡೆ ಹೋಯಿತು. ಒಂದು ಕಾಲಕ್ಕೆ ಮೊಗಲರ ಸುಬೇದಾರರ ರಾಜಧಾನಿಯಾಗಿದ್ದ ಶಿರಾ, ಏಕಶಿಲೆಯ ದುರ್ಗವಿರುವ ಮಧುಗಿರಿ, ಸಿದ್ಧರಬೆಟ್ಟದ ನೆರಳಿನ ಕೊರಟಗೆರೆ, ಆಂಧ್ರದ ನೆಲ ಬಹುಪಾಲು ಸುತ್ತುವರಿದಿರುವ ಪಾವಗಡ, ಇವು ನಾಲ್ಕೂ ರೈಲಿನ ಕೂಗು ಕೇಳದೆ ಉಳಿದವು. ತುಮಕೂರು–ರಾಯದುರ್ಗ ಮಾರ್ಗ, ಶಿರಾ ಮೇಲೆ ಹೋಗುವ ತುಮಕೂರು–ದಾವಣಗೆರೆ ಮಾರ್ಗ, ಇವುಗಳ ಮಾತು ಮಣ್ಣಿಗೆ ಇಳಿದದ್ದು ಇಪ್ಪತ್ತೊಂದನೆಯ ಶತಮಾನದಲ್ಲಿ. ಆದುದರಿಂದ ಆಸ್ಪತ್ರೆ, ಕಚೇರಿ, ಕಾಲೇಜು, ಮದುವೆ, ತಿಥಿ ಎಲ್ಲಕ್ಕೂ ಬಸ್ಸೇ ಗತಿ. ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ ಬಸ್ಸಿನ ಹಿಂದೆ ಇದ್ದಿಲಿನ ಒಲೆ ಕಟ್ಟಿ, ಅದರ ಗ್ಯಾಸಿನಿಂದ ಎಂಜಿನ್ನು ನಡೆಸುತ್ತಿದ್ದರು. ಬೆಳಗಿನ ಜಾವ ಎದ್ದು ಕ್ಲೀನರು ಒಲೆಯ ಪಂಖ ತಿರುವಬೇಕು. ಏರು ಬಂದರೆ ಜನರೆಲ್ಲ ಇಳಿದು ತಳ್ಳಬೇಕು. ‘ದುಡ್ಡು ಕೊಟ್ಟು ಬಸ್ಸು ತಳ್ಳಿದವರು ನಾವು’ ಎಂದು ನಮ್ಮಜ್ಜ ಹೇಳುತ್ತಿದ್ದ.

1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 120 ಬಸ್ಸುಗಳೊಡನೆ ಕೆಲಸಕ್ಕೆ ತೊಡಗಿತು. 1961ರ ಆಗಸ್ಟಿನಲ್ಲಿ ಅದು ನಿಗಮವಾಯಿತು. ಸರ್ಕಾರಿ ಬಸ್ಸು ಬಂದರೂ ನಮ್ಮ ಕಡೆಯ ಒಳದಾರಿಗಳಲ್ಲಿ ಖಾಸಗಿ ಬಸ್ಸಿನ ಆಳ್ವಿಕೆ ಬಹುಕಾಲ ನಡೆಯಿತು, ಅದರ ಜತೆಗೆ ಟಾಪಿನ ಆಳ್ವಿಕೆಯೂ. ಟಾಪಿಗೆ ನಮ್ಮಲ್ಲಿ ಏನು ಬಂತು ಎಂದೆನಲ್ಲ, ಬಂದದ್ದು ಒಂದು ಕಾನೂನು. 1988ರ ಮೋಟಾರು ವಾಹನ ಕಾಯಿದೆಯ 123ನೆಯ ಕಲಮು ಮೇಲೆ ಕುಳಿತು ಹೋಗುವುದನ್ನು ಸ್ಪಷ್ಟವಾಗಿ ನಿಷೇಧಿಸುತ್ತದೆ. ಕಾನೂನು ಸರಿಯೇ. ಆದರೆ ಟಾಪು ಹತ್ತುವವನು ಚಪಲಕ್ಕೆ ಹತ್ತುವವನಲ್ಲ; ಮುಂದಿನ ಬಸ್ಸು ಯಾವಾಗಲೋ, ಇದ್ದದ್ದು ಇದೊಂದೇ ಎಂದು ಹತ್ತುವವನು. ಹುಡುಗರ ಖುಷಿ ಬೇರೆ, ಸಂತೆಯಿಂದ ಮರಳುವ ಮುದುಕನ ಗತಿ ಬೇರೆ. 2022ರ ಮಾರ್ಚ್ 19ರ ಬೆಳಿಗ್ಗೆ ಪಾವಗಡ ತಾಲ್ಲೂಕಿನ ಪಳವಳ್ಳಿಯ ಬಳಿ, ಮಿತಿಮೀರಿ ಜನ ತುಂಬಿದ್ದ ಖಾಸಗಿ ಬಸ್ಸೊಂದು ಮಗುಚಿತು. ಕಾಲೇಜಿಗೆ ಹೊರಟಿದ್ದ ಮಕ್ಕಳೂ ಸೇರಿ ಹಲವರು ತೀರಿಹೋದರು. ಆ ಸುದ್ದಿ ಕೇಳಿದ ದಿನದಿಂದ ಟಾಪಿನ ಕಥೆಗಳನ್ನು ನಗುನಗುತ್ತ ಹೇಳುವುದು ನನಗೆ ಮೊದಲಿನಷ್ಟು ಸುಲಭವಾಗಿಲ್ಲ.

ಇಂಥ ಬಸ್ಸನ್ನು ಉಳಿಸಿಡಬೇಕೆ ಎಂದು ಕೇಳುವವರುಂಟು. ಲಂಡನ್ನಿನಲ್ಲಿ ಹಳೆಯ ಕುದುರೆ ಬಸ್ಸುಗಳನ್ನೂ ಒಂದು ಮೋಟಾರು ಬಸ್ಸನ್ನೂ ಕಂಪೆನಿಯೇ 1920ರ ದಶಕದಲ್ಲಿ ಎತ್ತಿಟ್ಟಿತು. ಇಂದು ಕೋವೆಂಟ್ ಗಾರ್ಡನ್ನಿನಲ್ಲಿರುವ ಸಾರಿಗೆ ಸಂಗ್ರಹಾಲಯಕ್ಕೆ ಅದೇ ಬೀಜ. 1956ರಲ್ಲಿ ಕೆಲವು ಗೆಳೆಯರು ಕೈಯಿಂದ ಹಣ ಹಾಕಿ ಗುಜರಿಗೆ ಹೋಗಲಿದ್ದ ‘ಟಿ 31’ ಎಂಬ ಒಂದಂತಸ್ತಿನ ಬಸ್ಸನ್ನು ಕೊಂಡರು. ಖಾಸಗಿಯವರು ಉಳಿಸಿದ ಮೊದಲ ಬಸ್ಸೆಂದು ಅದನ್ನು ಎಣಿಸುತ್ತಾರೆ. 1968ರ ವರೆಗೆ 2,876 ಕಟ್ಟಲಾದ ‘ರೂಟ್‌ಮಾಸ್ಟರ್’ ಎಂಬ ಮಹಡಿ ಬಸ್ಸುಗಳು 2005ರ ಡಿಸೆಂಬರಿನಲ್ಲಿ ಮಾಮೂಲು ದಾರಿಗಳಿಂದ ಇಳಿದಾಗ, ಅವುಗಳಲ್ಲಿ ನೂರಾರನ್ನು ಜನ ಅಕ್ಕರೆಯಿಂದ ಮನೆಗೆ ಒಯ್ದಿದ್ದರು. ದೂರದ ಮಾತೇಕೆ? ನಿಜಾಮರ ರೈಲ್ವೆಯವರು 1932ರಲ್ಲಿ 27 ಬಸ್ಸುಗಳಿಂದ ಆರಂಭಿಸಿದ ಸಾರಿಗೆಯ ಆಲ್ಬಿಯನ್ ಬಸ್ಸೊಂದನ್ನು ಆಂಧ್ರದವರು ಕಾಪಾಡಿಕೊಂಡು ಬಂದರು. ಕಲಬುರಗಿ, ರಾಯಚೂರು, ಬೀದರಗಳು ಆಗ ನಿಜಾಮರ ಸೀಮೆಯೇ; ಅದು ಅವರ ಬಸ್ಸಷ್ಟೇ ಅಲ್ಲ, ನಮ್ಮದೂ ಹೌದು. ಆ ಸಾರಿಗೆಯ ವಾರಸುದಾರ ಸಂಸ್ಥೆಯ ಬಸ್ಸುಗಳು ಪಾವಗಡದ ನಿಲ್ದಾಣಕ್ಕೆ ದಿನವೂ ಬಂದು ಹೋಗುವುದನ್ನು ನೋಡುತ್ತ ನಾವು ಬೆಳೆದೆವು.

ನಮ್ಮಲ್ಲಿ ರೈಲಿಗೆ ಮೈಸೂರಿನಲ್ಲಿ 1979ರಿಂದ ಸಂಗ್ರಹಾಲಯವಿದೆ, ಕಾರಿಗೆ ಧರ್ಮಸ್ಥಳದಲ್ಲಿದೆ. ಬಸ್ಸಿನ ಕೊನೆಗಾಲ ಮಾತ್ರ ಹರಾಜಿನ ಅಂಗಳದಲ್ಲಿ. ಕಾನೂನೂ ಬಸ್ಸಿನ ಪರವಾಗಿಲ್ಲ. 2021ರಲ್ಲಿ ಕೇಂದ್ರ ಸರ್ಕಾರ ಹಳೆಯ ವಾಹನಗಳಿಗೆ ‘ವಿಂಟೇಜ್’ ಎಂಬ ಮಾನ್ಯತೆಯನ್ನೂ ಪ್ರತ್ಯೇಕ ನೋಂದಣಿಯನ್ನೂ ಕೊಡುವ ನಿಯಮ ಮಾಡಿತು. ಐವತ್ತು ವರ್ಷ ದಾಟಿ ಮೂಲರೂಪದಲ್ಲಿರಬೇಕು. ಆದರೆ ಅದು ಸ್ವಂತ ಬಳಕೆಯ ದ್ವಿಚಕ್ರಿಗಳಿಗೆ ಮತ್ತು ಕಾರುಗಳಿಗೆ ಮಾತ್ರ. ಒಬ್ಬ ಜಮೀನ್ದಾರನನ್ನು ಹೊತ್ತ ಕಾರು ವಿಂಟೇಜ್ ಆಗಬಲ್ಲದು. ಒಂದು ತಾಲ್ಲೂಕನ್ನೇ ಹೊತ್ತ ಬಸ್ಸು ಆಗಲಾರದು. ಇತ್ತ 2023ರ ಏಪ್ರಿಲಿನಿಂದ, ಹದಿನೈದು ವರ್ಷ ದಾಟಿದ ಸರ್ಕಾರಿ ವಾಹನಗಳ, ಸಾರಿಗೆ ನಿಗಮಗಳ ಬಸ್ಸುಗಳ ಸಮೇತ, ನೋಂದಣಿ ರದ್ದಾಗುತ್ತದೆ. ಹೊಗೆಯ ದೃಷ್ಟಿಯಿಂದ ಅದು ಒಳ್ಳೆಯದೇ. ಆದರೆ ಐವತ್ತು ವರ್ಷ ಮುಟ್ಟಬೇಕಾದ ವಸ್ತು ಹದಿನೈದಕ್ಕೇ ಗುಜರಿ ಸೇರಿದರೆ ಮುಂದಿನವರಿಗೆ ತೋರಿಸಲು ಏನಿರುತ್ತದೆ? ಗುಜರಿಗೆ ಹಾಕುವ ಸಾವಿರದಲ್ಲಿ ಒಂದನ್ನು, ರಸ್ತೆಗಲ್ಲದಿದ್ದರೆ ಡಿಪೋದ ಅಂಗಳದ ನೆರಳಿಗಾದರೂ, ತೆಗೆದಿಡುವುದು ಭಾರೀ ಖರ್ಚಿನ ಕೆಲಸವಲ್ಲ.

ಇಡುವುದಾದರೆ ಸುಳ್ಳಿಲ್ಲದೆ ಇಡಬೇಕು. ಹೊಸ ಬಣ್ಣ ಬಳಿದು, ಖಾಲಿ ಸೀಟು ತೋರಿಸಿದರೆ ಅದು ನಮ್ಮ ಬಸ್ಸಲ್ಲ. ಕ್ಯಾರಿಯರ್ ಇರಬೇಕು, ಹಿಂಬದಿಯ ಏಣಿ ಇರಬೇಕು, ಟಿಕೀಟಿನ ಕಟ್ಟು ಜೋಡಿಸುವ ಪೆಟ್ಟಿಗೆ, ಪಂಚು, ಕೈಬರಹದ ಊರಿನ ಬೋರ್ಡು, ‘ಹೋಲ್ಡಾನ್’ ‘ರೈಟ್’ ಎಂದು ಎಳೆದ ಹಗ್ಗದ ಗಂಟೆ ಎಲ್ಲವೂ ಇರಬೇಕು. ಪಳವಳ್ಳಿಯ ಹೆಸರೂ ಒಂದು ಹಲಗೆಯ ಮೇಲೆ ಇರಬೇಕು.

ಕಳೆದ ವರ್ಷ ಕೊರಟಗೆರೆಯ ಆಚೆಗಿನ ಹಳ್ಳಿಯೊಂದರಲ್ಲಿ ನೆಂಟರ ಮನೆಗೆ ಹೋಗಿದ್ದೆ. ಹಿತ್ತಿಲಿನ ಹುಲ್ಲಿನ ಬಣವೆಗೆ ಒಂದು ಕಬ್ಬಿಣದ ಏಣಿಯನ್ನು ಒರಗಿಸಿದ್ದರು. ಮೆಟ್ಟಿಲುಗಳ ನಡುಭಾಗ ಕಾಲು ತುಳಿದು ತುಳಿದು ಕನ್ನಡಿಯಂತೆ ಸವೆದಿತ್ತು. ಮೇಲ್ತುದಿ ಬಸ್ಸಿನ ಮಾಡಿಗೆ ಹೊಂದುವಂತೆ ಬಾಗಿತ್ತು. “ಇದೆಲ್ಲಿ ಸಿಕ್ತು?” ಎಂದು ಕೇಳಿದೆ. ಯಾವುದೋ ಹಳೆಯ ಬಸ್ಸನ್ನು ಬಿಚ್ಚುವಾಗ ಅವರಪ್ಪ ತೂಕದ ಲೆಕ್ಕದಲ್ಲಿ ತಂದರಂತೆ. “ಗಟ್ಟಿ ಐತೆ ಸ್ವಾಮಿ, ಇಬ್ಬರು ಒಟ್ಟಿಗೆ ಹತ್ತಿದರೂ ಅಲ್ಲಾಡಲ್ಲ” ಎಂದರು ಮನೆಯವರು. ನಾನು ಚಪ್ಪಲಿ ಬಿಟ್ಟು ನಾಲ್ಕು ಮೆಟ್ಟಿಲು ಹತ್ತಿ ನೋಡಿ, ಇಳಿದು ಬಂದೆ.